ನಳದ ನೀರು, ಬೋರ್ ನೀರು, ಒಂದೇ ಸಂಪು: ಗಡಸು ನೀರಿಗೆ ಮಷೀನು ಕೊಳ್ಳುವ ಮೊದಲು

ಪ್ರಶ್ನೆ: ಸರ್, ನಾವು ಕಲಬುರಗಿಯಲ್ಲಿ ಸೇಡಂ ರಸ್ತೆ ಕಡೆಯ ಬಡಾವಣೆಯಲ್ಲಿದ್ದೇವೆ. ಮನೆಯಲ್ಲಿ ನಾಲ್ವರು. ಪಾಲಿಕೆಯ ನಳದ ನೀರು ಕೆಲವು ದಿನಕ್ಕೊಮ್ಮೆ ಬರುತ್ತದೆ. ಅದು ಸಾಲದೆ ಬೋರ್ ಹಾಕಿಸಿದ್ದೇವೆ. ಎರಡೂ ಒಂದೇ ಸಂಪಿಗೆ ಬಿದ್ದು ಮೇಲಿನ ಟ್ಯಾಂಕಿಗೆ ಹೋಗುತ್ತವೆ. ನಳದ ಮೂತಿಗೆಲ್ಲ ಬಿಳಿ ಉಪ್ಪು ಕಟ್ಟಿದೆ. ಗೀಸರಿನ ಕಾಯಿಲ್ ವರ್ಷ ತುಂಬುವ ಮೊದಲೇ ಸುಟ್ಟುಹೋಯಿತು. ಸೋಪು ನೊರೆ ಬರಲ್ಲ, ಬಿಳಿ ಬಟ್ಟೆ ಮಾಸಿದ ಹಾಗೆ ಕಾಣುತ್ತದೆ. ತೊಗರಿ ಬೆಳೆಯುವ ಊರಲ್ಲಿದ್ದೂ ನಮ್ಮ ಕುಕ್ಕರಿನಲ್ಲಿ ಬೇಳೆ ಬೇಯಲ್ಲ. ಮಗಳಿಗೆ ಸ್ನಾನವಾದ ಮೇಲೆ ಮೈ ತುರಿಕೆ, ನನಗೆ ಕೂದಲು ಉದುರುತ್ತಿದೆ. ಅತ್ತೆಯವರಿಗೆ ಬಿಪಿ ಇದೆ. ಈ ನೀರು ಕುಡಿದರೆ ಕಿಡ್ನಿಯಲ್ಲಿ ಕಲ್ಲಾಗುತ್ತದೆ ಅಂತ ಅವರಿಗೆ ಭಯ. ಮನೆಗೆ ಬಂದ ಒಬ್ಬ ಸೇಲ್ಸ್‌ಮನ್ ನಮ್ಮ ನೀರಿಗೆ ಕರೆಂಟ್ ಕೊಟ್ಟು ತೋರಿಸಿದ, ನೀರು ಕಂದು ಕೆಸರಿನಂತಾಯಿತು, ಅವನು ತಂದಿದ್ದ ಆರ್‌ಓ ನೀರು ಮಾತ್ರ ತಿಳಿಯಾಗೇ ಉಳಿಯಿತು. ಇಡೀ ಮನೆಗೆ ಆರ್‌ಓ ಹಾಕಿಸಿ ಅಂತಾನೆ. ಇನ್ನೊಬ್ಬರು ಸಾಫ್ಟ್‌ನರ್ ಅಂತಾರೆ. ಮತ್ತೊಬ್ಬರು ಪೈಪಿಗೆ ಮ್ಯಾಗ್ನೆಟ್ ಕಟ್ಟಿದರೆ ಸಾಕು ಅಂತಾರೆ. ಏನು ಮಾಡಬೇಕು?

ಉತ್ತರ: ಸದ್ಯಕ್ಕೆ ಯಾವ ಮಷೀನಿಗೂ ಅಡ್ವಾನ್ಸ್ ಕೊಡಬೇಡಿ. ನಿಮ್ಮ ಪ್ರಶ್ನೆ ಓದುವಾಗ ನನ್ನ ಕಣ್ಣು ನಿಂತದ್ದು ‘ಎರಡೂ ಒಂದೇ ಸಂಪಿಗೆ ಬಿದ್ದು’ ಅನ್ನುವ ಸಾಲಿನ ಮೇಲೆ. ನಿಮ್ಮ ತೊಂದರೆಯ ಅರ್ಧ ಭಾಗ ಅಲ್ಲೇ ಇದೆ. ಅದನ್ನು ಸರಿ ಮಾಡುವುದಕ್ಕೆ ಒಂದು ಟ್ಯಾಂಕು, ಸ್ವಲ್ಪ ಪೈಪು, ಪ್ಲಂಬರಿನ ಒಂದೆರಡು ದಿನದ ಕೂಲಿ ಸಾಕು. ಉಳಿದರ್ಧಕ್ಕೆ ಮಷೀನು ಬೇಕಾಗಬಹುದು. ಬೇಕಾದರೂ ನಿಮಗೆ ಹೇಳಿರುವುದಕ್ಕಿಂತ ಚಿಕ್ಕದು ಸಾಕು.

ಮೊದಲು ನೀರಿಗೆ ಈ ಗುಣ ಎಲ್ಲಿಂದ ಬಂತು ನೋಡೋಣ. ಮಳೆ ನೀರು ಮಣ್ಣಿಗೆ ಇಳಿಯುವಾಗ ಅಲ್ಲಿನ ಇಂಗಾಲದ ಡೈಆಕ್ಸೈಡ್ ಹೀರಿಕೊಂಡು ಸ್ವಲ್ಪ ಹುಳಿಯಾಗುತ್ತದೆ. ಆ ಹುಳಿ ಬಂಡೆಯನ್ನು ನಿಧಾನವಾಗಿ ಕರಗಿಸುತ್ತದೆ. ನಮ್ಮ ಜಿಲ್ಲೆಯ ನೆಲದಲ್ಲಿ ಕರಗುವುದಕ್ಕೆ ಬೇಕಾದಷ್ಟಿದೆ. ಶಹಾಬಾದ್, ವಾಡಿ, ಚಿತ್ತಾಪುರ, ಸೇಡಂ ಕಡೆ ಸುಣ್ಣಕಲ್ಲಿನ ಪದರಗಳೇ ಹಾಸಿಕೊಂಡಿವೆ. ಅಷ್ಟೊಂದು ಸಿಮೆಂಟ್ ಕಾರ್ಖಾನೆಗಳು ಆ ಕಡೆ ಬಂದದ್ದೂ ಅದಕ್ಕೇ. ಇತ್ತ ನಗರದ ಸುತ್ತ, ಆಳಂದ ಕಡೆ ಕಪ್ಪು ಬಸಾಲ್ಟ್ ಬಂಡೆ. ಅದರಿಂದಲೂ ಕ್ಯಾಲ್ಸಿಯಂ, ಮೆಗ್ನೀಸಿಯಂ ನೀರಿಗೆ ಇಳಿಯುತ್ತವೆ. ಈ ಎರಡು ಜಾಸ್ತಿ ಕರಗಿರುವ ನೀರೇ ಗಡಸು ನೀರು. ಬೋರ್ ನೀರು ವರ್ಷಗಟ್ಟಲೆ ಬಂಡೆಯ ಸಂದಿಯಲ್ಲಿ ನಿಂತಿರುತ್ತದೆ, ಹಾಗಾಗಿ ಗಡಸು ಜಾಸ್ತಿ. ಪಾಲಿಕೆ ಕೊಡುವುದು ಭೀಮಾ ನದಿ ಮತ್ತು ಬೆಣ್ಣೆತೊರಾ ಜಲಾಶಯದ ನೀರು. ಮೇಲ್ಮೈ ನೀರು ಸಾಮಾನ್ಯವಾಗಿ ಬೋರ್ ನೀರಿಗಿಂತ ಮೃದು. ಬೇಸಿಗೆಯಲ್ಲಿ ಹರಿವು ಇಳಿದಾಗ ಅದರಲ್ಲೂ ಗಡಸು ಏರುತ್ತದೆ. ಶುದ್ಧೀಕರಣ ಘಟಕದಲ್ಲಿ ಪಟಿಕ ಹಾಕಿ ಕೆಸರು ಕೂರಿಸುತ್ತಾರೆ, ಕ್ಲೋರಿನ್ ಹಾಕಿ ರೋಗಾಣು ಕೊಲ್ಲುತ್ತಾರೆ. ಈ ಎರಡರಿಂದಲೂ ಗಡಸುತನ ಇಳಿಯಲ್ಲ. ಮನೆಯಲ್ಲಿ ಕೊಡಕ್ಕೆ ಪಟಿಕ ತಿರುವಿದರೂ ಅಷ್ಟೇ, ನೀರು ತಿಳಿಯಾಗುತ್ತದೆ, ಮೃದುವಾಗಲ್ಲ.

ಗಡಸುತನವನ್ನು ಒಂದು ಲೀಟರಿಗೆ ಇಷ್ಟು ಮಿಲಿಗ್ರಾಂ ಸುಣ್ಣಕಲ್ಲು ಅನ್ನುವ ಲೆಕ್ಕದಲ್ಲಿ ಅಳೆಯುತ್ತಾರೆ. ಕುಡಿಯುವ ನೀರಿನ ಭಾರತೀಯ ಮಾನದಂಡ ಐಎಸ್ 10500ರ ಪ್ರಕಾರ 200 ಮಿಗ್ರಾಂವರೆಗೆ ಒಳ್ಳೆಯದು. ಬೇರೆ ನೀರೇ ಸಿಗದಿದ್ದರೆ 600ರವರೆಗೆ ನಡೆಯುತ್ತದೆ. ಈ ಅಂಕಿಯನ್ನು ಮನೆಯ ಅಳತೆಗೆ ತಂದು ನೋಡಿ. ನಿಮ್ಮ ನೀರು 500 ಇದೆ ಅಂತ ಇಟ್ಟುಕೊಂಡರೆ, ಮೇಲಿನ 1000 ಲೀಟರ್ ಟ್ಯಾಂಕಿನಲ್ಲಿ ಅರ್ಧ ಕಿಲೋ ಸುಣ್ಣಕಲ್ಲು ಕಣ್ಣಿಗೆ ಕಾಣದೆ ಕರಗಿ ಕೂತಿದೆ. ಪ್ರತಿ ಸಲ ಟ್ಯಾಂಕು ತುಂಬಿದಾಗಲೂ ಇನ್ನೊಂದು ಅರ್ಧ ಕಿಲೋ ಮನೆಯೊಳಗೆ ಬರುತ್ತದೆ.

ನಿಮ್ಮ ನೀರು ಎಷ್ಟು ಅಂತ ನಾನು ಇಲ್ಲಿಂದ ಊಹಿಸಲ್ಲ, ನೀವೇ ಅಳೆಯಿರಿ. ಸೇಲ್ಸ್‌ಮನ್ ಜೇಬಿನಲ್ಲಿರುವ ಟಿಡಿಎಸ್ ಮೀಟರ್ ಇದಕ್ಕೆ ಆಗಲ್ಲ. ಅದು ಕರಗಿದ ಎಲ್ಲ ಲವಣಗಳನ್ನೂ ಒಟ್ಟಿಗೆ, ಕರೆಂಟ್ ಹರಿಯುವುದರ ಮೇಲೆ ಅಂದಾಜು ಮಾಡುತ್ತದೆ. ಒಂದು ಲೋಟ ಮಳೆ ನೀರಿಗೆ ಚಿಟಿಕೆ ಅಡುಗೆ ಉಪ್ಪು ಹಾಕಿದರೂ ಮೀಟರ್ ಸಾವಿರ ದಾಟುತ್ತದೆ, ಆದರೆ ಆ ನೀರು ಗಡಸಲ್ಲ. ನಿಮಗೆ ಬೇಕಾದ್ದು ಹನಿ ಲೆಕ್ಕದ ಗಡಸುತನದ ಕಿಟ್. ಲ್ಯಾಬ್ ಸಾಮಾನು ಮಾರುವ ಅಂಗಡಿಯಲ್ಲೂ ಆನ್‌ಲೈನಿನಲ್ಲೂ ಸಿಗುತ್ತದೆ. ಚಿಕ್ಕ ಸೀಸೆಗೆ ಗುರುತಿನವರೆಗೆ ನೀರು ಹಾಕಿ. ಒಂದು ಬಾಟಲಿಯ ದ್ರಾವಣ ಕೆಲವು ಹನಿ, ಆಮೇಲೆ ಬಣ್ಣದ ಪುಡಿ ಚಿಟಿಕೆ. ನೀರು ಗಡಸಾಗಿದ್ದರೆ ದ್ರಾಕ್ಷಿ ರಸದ ಕೆಂಪಿಗೆ ತಿರುಗುತ್ತದೆ. ಈಗ ಮೂರನೇ ಬಾಟಲಿಯಿಂದ ಒಂದೊಂದೇ ಹನಿ ಬಿಡುತ್ತಾ, ಅಲುಗಾಡಿಸುತ್ತಾ, ಎಣಿಸಬೇಕು. ತುಂಬ ಹೊತ್ತು ಏನೂ ಆಗಲ್ಲ. ಮುಗಿಯುವ ಹೊತ್ತಿಗೆ ಕೆಂಪಿನ ಅಂಚಿನಲ್ಲಿ ನೇರಳೆ ಕಾಣಿಸುತ್ತದೆ, ಒಂದೆರಡು ಹನಿಗೆ ಪೂರ್ತಿ ನೀಲಿ. ಅಲ್ಲಿಗೆ ನಿಲ್ಲಿಸಿ. ಒಂದು ಹನಿಗೆ ಎಷ್ಟು ಮಿಗ್ರಾಂ ಅಂತ ಕಿಟ್ಟಿನ ಮೇಲೆ ಬರೆದಿರುತ್ತದೆ, ಗುಣಿಸಿದರೆ ಉತ್ತರ. ಶಾಲೆಗೆ ಹೋಗುವ ಮಕ್ಕಳೂ ಮಾಡುವಷ್ಟು ಸುಲಭ.

ಇದನ್ನು ಮೂರು ಕಡೆ ಮಾಡಿ. ಪಾಲಿಕೆ ನೀರು ಬಿಟ್ಟಾಗ ಅದರ ಪೈಪಿನಿಂದಲೇ ಹಿಡಿದು ಒಂದು. ಬೋರ್ ಮೋಟರ್ ಹತ್ತು ನಿಮಿಷ ಓಡಿದ ಮೇಲೆ ಒಂದು. ಅಡುಗೆಮನೆ ನಳದ್ದು ಒಂದು. ಆಮೇಲೆ ಅಡುಗೆಮನೆಯ ನೀರನ್ನೇ ಹತ್ತು ನಿಮಿಷ ಕುದಿಸಿ, ಆರಿಸಿ, ಮೇಲಿನ ತಿಳಿಯನ್ನು ಮತ್ತೊಮ್ಮೆ ಅಳೆಯಿರಿ. ಈ ನಾಲ್ಕನೇ ಅಂಕಿಯನ್ನು ಯಾರೂ ಕೇಳಲ್ಲ, ಆದರೆ ನನಗೆ ಅದು ಬಹಳ ಮುಖ್ಯ. ಗಡಸುತನದಲ್ಲಿ ಎರಡು ಬಗೆ ಇವೆ. ಬೈಕಾರ್ಬೊನೇಟ್ ರೂಪದ್ದು ಕುದಿಸಿದರೆ ಕಲ್ಲಾಗಿ ತಳಕ್ಕೆ ಕೂರುತ್ತದೆ. ಸಲ್ಫೇಟ್, ಕ್ಲೋರೈಡ್ ರೂಪದ್ದು ಕುದಿಸಿದರೂ ಕದಲಲ್ಲ. ಕುದಿಸುವ ಮುಂಚಿನ ಮತ್ತು ನಂತರದ ಅಂಕಿಗಳ ನಡುವಿನ ವ್ಯತ್ಯಾಸವೇ ನಿಮ್ಮ ಗೀಸರಿನಲ್ಲಿ ಕಲ್ಲಾಗುವ ಪಾಲು.

ಈಗ ಸಂಪಿಗೆ ಬರೋಣ. ಉದಾಹರಣೆಗೆ ಪಾಲಿಕೆ ನೀರು 180, ಬೋರ್ 700 ಇದೆ ಅಂದುಕೊಳ್ಳಿ. ಅರ್ಧಕ್ಕರ್ಧ ಬೆರೆತರೆ 440. ಬೋರ್ ನೀರು ಸುಧಾರಿಸಿತು ಅಂತ ಅನ್ನಿಸಬಹುದು. ಆದರೆ ಬೇಳೆ ಬೇಯಿಸಲು, ಗೀಸರಿಗೆ, ವಾಷಿಂಗ್ ಮಷೀನಿಗೆ ನೇರವಾಗಿ ಹೋಗಬಹುದಾಗಿದ್ದ ಒಳ್ಳೆಯ ನೀರನ್ನು ನಾವೇ ಕೆಡಿಸಿದೆವು. ಕೆಡಿಸಿದ್ದರಲ್ಲಿ ದೊಡ್ಡ ಪಾಲು ಕಮೋಡಿಗೆ, ಅಂಗಳಕ್ಕೆ ಹೋಗುತ್ತದೆ. ಅಲ್ಲಿಗೆ 700 ಇದ್ದರೂ ಏನೂ ಆಗಲ್ಲ ಅಲ್ವಾ?

ನಗರದ ಮನೆಗೆ ತಲಾ 135 ಲೀಟರ್ ಅಂತ ಲೆಕ್ಕ ಹಿಡಿಯುವ ರೂಢಿ ಇದೆ. ಅದರಲ್ಲಿ ಸ್ನಾನಕ್ಕೆ 55, ಶೌಚಾಲಯಕ್ಕೆ 30, ಬಟ್ಟೆಗೆ 20, ನೆಲ ಒರೆಸಲು 10, ಪಾತ್ರೆಗೆ 10, ಅಡುಗೆಗೆ 5, ಕುಡಿಯಲು 5. ನಿಮ್ಮ ನಾಲ್ವರಿಗೆ ದಿನಕ್ಕೆ 540 ಲೀಟರ್. ಅಡುಗೆ, ಪಾತ್ರೆ, ಕುಡಿಯಲು ಮೂರೂ ಸೇರಿದರೆ ಬರೀ 80. ಅಂದರೆ 500 ಲೀಟರಿನ ಒಂದು ಚಿಕ್ಕ ಟ್ಯಾಂಕನ್ನು ಮೇಲೆ ಕೂರಿಸಿ, ಅದಕ್ಕೆ ಪಾಲಿಕೆ ನೀರನ್ನಷ್ಟೇ ತುಂಬಿಸಿ, ಅಡುಗೆಮನೆಗೆ ಒಂದು ಪ್ರತ್ಯೇಕ ಪೈಪು ಇಳಿಸಿದರೆ ಆರು ದಿನ ಬರುತ್ತದೆ. 1000 ಲೀಟರಿನದಾದರೆ ಗೀಸರ್ ಲೈನನ್ನೂ ಅದಕ್ಕೇ ಸೇರಿಸಬಹುದು. ಸಂಪು ದೊಡ್ಡದಿದ್ದರೆ ನಡುವೆ ಗೋಡೆ ಎತ್ತಿ ಎರಡು ಮಾಡಿಸಿ. ಜಾಗ ಇಲ್ಲದಿದ್ದರೆ ಪಾಲಿಕೆ ನೀರಿಗೆ ನೆಲದ ಮೇಲೆ ಒಂದು ಡ್ರಮ್ ಮತ್ತು ಅರ್ಧ ಹೆಚ್‌ಪಿ ಮೋಟರ್ ಸಾಕು. ಎರಡು ಎಚ್ಚರಿಕೆ: ಪಾಲಿಕೆ ಪೈಪಿಗೇ ಮೋಟರ್ ಹಾಕಿ ಎಳೆಯಬೇಡಿ, ನಿರ್ವಾತ ಬಿದ್ದು ಚರಂಡಿ ನೀರು ಒಳಗೆ ಬರುವ ಅಪಾಯ ಇದೆ. ಬೋರ್ ಲೈನ್ ಎಲ್ಲಾದರೂ ಪಾಲಿಕೆ ಲೈನಿಗೆ ಕೂಡುತ್ತಿದ್ದರೆ ಅಲ್ಲಿ ಹಿಂದಕ್ಕೆ ಹರಿಯದ ವಾಲ್ವ್ ಹಾಕಿಸಿ.

ಹೊಸ ಮನೆ ಕಟ್ಟಿಸುತ್ತಿರುವವರಿಗೆ ಇದು ಇನ್ನೂ ಸುಲಭ. ಗೋಡೆ ಒಡೆಯುವ ಮೊದಲೇ ಎರಡು ಲೈನು ಎಳೆಸಿ. ನಮ್ಮ ಕಡೆ ಮನೆ ಕಟ್ಟುವವರು ಟೈಲ್ಸ್ ಆರಿಸಲು ವಾರಗಟ್ಟಲೆ ಓಡಾಡುತ್ತಾರೆ, ನೀರಿನ ಪೈಪು ಮೇಸ್ತ್ರಿ ಹೇಳಿದ ಹಾಗೆ ಹೋಗುತ್ತದೆ. ಇದು ನನಗೆ ನಿಜಕ್ಕೂ ಬೇಸರದ ವಿಷಯ.

ಇನ್ನು ಬೇಳೆ. ಈ ಪ್ರಶ್ನೆ ನಮ್ಮ ಜಿಲ್ಲೆಯ ಪ್ರತಿ ಅಡುಗೆಮನೆಯದು. 2019ರಲ್ಲಿ ಜಿಐ, ಅಂದರೆ ಭೌಗೋಳಿಕ ಗುರುತಿನ ಮನ್ನಣೆ ಪಡೆದ ತೊಗರಿ ನಮ್ಮದು. ಬೇಳೆಯ ಗುಣದಲ್ಲಿ ಕೊರತೆ ಇಲ್ಲ. ಕಾಳಿನ ಕಣಗಳನ್ನು ಒಂದಕ್ಕೊಂದು ಅಂಟಿಸಿ ಹಿಡಿದಿರುವುದು ಪೆಕ್ಟಿನ್ ಅನ್ನುವ ಅಂಟು. ಬೇಯುವುದು ಅಂದರೆ ಈ ಅಂಟು ಬಿಸಿ ನೀರಿಗೆ ಸಡಿಲವಾಗಿ ಕಣಗಳು ಬಿಡಿಬಿಡಿಯಾಗುವುದು. ಗಡಸು ನೀರಿನ ಕ್ಯಾಲ್ಸಿಯಂ ಈ ಪೆಕ್ಟಿನ್ನಿಗೆ ಹೋಗಿ ಅಂಟಿಕೊಂಡು ಅದನ್ನು ಇನ್ನಷ್ಟು ಬಿಗಿ ಮಾಡುತ್ತದೆ. ಅದಕ್ಕೇ ಎಷ್ಟು ಸೀಟಿ ಹೊಡೆಸಿದರೂ ಬೇಳೆ ಹೋಳುಹೋಳಾಗಿ ಉಳಿಯುತ್ತದೆ, ನೀರು ಬೇರೆ, ಬೇಳೆ ಬೇರೆ. ಹುಣಸೆ, ಟೊಮೆಟೊ ಮೊದಲೇ ಹಾಕಿದರೆ ಇನ್ನೂ ಕಷ್ಟ, ಹುಳಿಯೂ ಪೆಕ್ಟಿನ್ ಕರಗಲು ಬಿಡಲ್ಲ. ಅವನ್ನು ಬೇಳೆ ಬೆಂದ ಮೇಲೆ ಹಾಕಿ.

ಪಾಲಿಕೆ ನೀರು ಬೇರೆ ಮಾಡಿದ ದಿನವೇ ಈ ತೊಂದರೆ ಬಹುಮಟ್ಟಿಗೆ ಕಡಿಮೆಯಾಗುತ್ತದೆ. ಅಲ್ಲಿಯವರೆಗೆ ಹೀಗೆ ಮಾಡಿ. ರಾತ್ರಿ ಒಂದು ಪಾತ್ರೆ ನೀರನ್ನು ಹತ್ತು ನಿಮಿಷ ಚೆನ್ನಾಗಿ ಕುದಿಸಿ ಮುಚ್ಚಿಡಿ. ಬೆಳಿಗ್ಗೆ ತಳದಲ್ಲಿ ಬಿಳಿ ಪುಡಿ ಕೂತಿರುತ್ತದೆ. ಪಾತ್ರೆ ಅಲುಗಿಸದೆ ಮೇಲಿನ ತಿಳಿ ಬಗ್ಗಿಸಿಕೊಂಡು ಅದರಲ್ಲಿ ಬೇಳೆ ನೆನೆಸಿ, ಅದರಲ್ಲೇ ಬೇಯಿಸಿ. ಅಡುಗೆ ಸೋಡಾ ಹಾಕುವ ರೂಢಿಯೂ ಇದೆ. ಅದು ನೀರಿನ ಹುಳಿ ಇಳಿಸಿ ಪೆಕ್ಟಿನ್ ಸಡಿಲ ಮಾಡುವುದು ನಿಜ. ಆದರೆ ಒಂದು ಕುಕ್ಕರಿಗೆ ಚಿಟಿಕೆಗಿಂತ ಜಾಸ್ತಿ ಬೇಡ. ಜಾಸ್ತಿಯಾದರೆ ಬಿ1 ಜೀವಸತ್ವ ಹಾಳಾಗುತ್ತದೆ, ಸಾರಿಗೆ ಸೋಪಿನ ರುಚಿ ಬರುತ್ತದೆ. ಅತ್ತೆಯವರಿಗೆ ಬಿಪಿ ಇರುವುದರಿಂದ ಅವರ ಸಾರಿಗೆ ಸೋಡಾ ಬೇಡವೇ ಬೇಡ, ಅದೂ ಸೋಡಿಯಂ.

ಗೀಸರಿನ ಸುಟ್ಟ ಕಾಯಿಲನ್ನು ಎಸೆದಿರದಿದ್ದರೆ ಕೈಯಲ್ಲಿ ಹಿಡಿದು ನೋಡಿ. ಹೊರಗೆ ಬೂದು ಬಣ್ಣದ ಒರಟು ಪದರ, ಉಗುರಿಗೆ ಉದುರುತ್ತದೆ. ಒಳಗೆ ಹೋದಂತೆ ಗಟ್ಟಿ. ಮುರಿದರೆ ಅಂಚಿನಲ್ಲಿ ಒಂದರ ಮೇಲೊಂದು ತೆಳು ಗೆರೆಗಳು ಕಾಣುತ್ತವೆ, ನೀರಿನಲ್ಲಿ ಕಬ್ಬಿಣ ಇದ್ದರೆ ನಡುನಡುವೆ ಕಂದು ಗೆರೆ. ಅದರ ಮೇಲೆ ನಿಂಬೆ ರಸ ಹಿಂಡಿದರೆ ಸಣ್ಣಗೆ ಗುಳ್ಳೆ ಏಳುತ್ತವೆ. ಇದು ಸುಣ್ಣಕಲ್ಲೇ. ನೆಲದೊಳಗೆ ಇಂಗಾಲದ ಡೈಆಕ್ಸೈಡಿನ ಹುಳಿಗೆ ಕರಗಿದ್ದ ಕಲ್ಲು, ಗೀಸರಿನಲ್ಲಿ ಕಾದಾಗ ಆ ಅನಿಲ ಬಿಟ್ಟುಹೋಗಿ ಮತ್ತೆ ಕಲ್ಲಾಗಿದೆ.

ಇದರಿಂದ ಕರೆಂಟ್ ಬಿಲ್ ದುಪ್ಪಟ್ಟಾಗುತ್ತದೆ ಅಂತ ಮಾರುವವರು ಹೇಳುತ್ತಾರೆ. ನೀರಿನೊಳಗೇ ಮುಳುಗಿರುವ ಎಲೆಕ್ಟ್ರಿಕ್ ಕಾಯಿಲ್ ವಿಷಯದಲ್ಲಿ ಅದು ಉತ್ಪ್ರೇಕ್ಷೆ. ಅದರ ಶಾಖ ತಡವಾಗಿಯಾದರೂ ನೀರಿಗೇ ಹೋಗಬೇಕು. ನಿಜವಾದ ನಷ್ಟ ಬೇರೆ. ಮೇಲಿನ ಕಲ್ಲು ಶಾಖ ಬಿಡದ ಕಾರಣ ಕಾಯಿಲ್ ಒಳಗೊಳಗೇ ಮಿತಿ ಮೀರಿ ಕಾದು ಸೀಳುತ್ತದೆ. ಗ್ಯಾಸ್ ಗೀಸರಿನಲ್ಲಿ ಮಾತ್ರ ಶಾಖ ಹೊಗೆಯ ಜೊತೆ ಹೊರಗೆ ಹೋಗುವುದರಿಂದ ಗ್ಯಾಸ್ ನಿಜಕ್ಕೂ ಜಾಸ್ತಿ ಖರ್ಚಾಗುತ್ತದೆ.

ಗೀಸರಿನ ತಿರುಗುಗುಂಡಿಯನ್ನು 50ರಿಂದ 55 ಡಿಗ್ರಿಗೆ ಇಡಿ. 60 ದಾಟಿದ ಮೇಲೆ ಕಲ್ಲು ಕಟ್ಟುವುದು ಜೋರಾಗುತ್ತದೆ. ಕುದಿಯುವಷ್ಟು ಕಾಸಿ ತಣ್ಣೀರು ಬೆರೆಸುವುದಕ್ಕಿಂತ ಬೇಕಾದಷ್ಟೇ ಕಾಸುವುದು ಲೇಸು. ವರ್ಷಕ್ಕೊಮ್ಮೆ ಮೆಕ್ಯಾನಿಕ್ ಕರೆಸಿ ಒಳಗೆ ತೊಳೆಸಿ, ಮೆಗ್ನೀಸಿಯಂ ಆನೋಡ್ ಕಡ್ಡಿ ಸವೆದಿದ್ದರೆ ಬದಲಿಸಿ. ತುಕ್ಕಿನಿಂದ ಟ್ಯಾಂಕನ್ನು ಕಾಯುವುದು ಆ ಕಡ್ಡಿ. ಮಾಳಿಗೆ ಮೇಲೆ ಸೋಲಾರ್ ಇರುವವರು ಏಪ್ರಿಲ್, ಮೇ ತಿಂಗಳಲ್ಲಿ ಅರ್ಧದಷ್ಟು ಕೊಳವೆಗಳಿಗೆ ಗೋಣಿತಟ್ಟು ಹೊದಿಸಿ. ನಮ್ಮ ಬಿಸಿಲಿಗೆ ಆಗ ನೀರು ಕುದಿಯುತ್ತದೆ, ಬಳಸುವವರೂ ಕಡಿಮೆ, ಕೊಳವೆಯೊಳಗೆ ಕಲ್ಲು ಕಟ್ಟುವುದು ಆ ಎರಡು ತಿಂಗಳಲ್ಲೇ ಜಾಸ್ತಿ.

ಸೋಪಿನ ಲೆಕ್ಕ ಕೇಳಿದರೆ ನಿಮಗೆ ಆಶ್ಚರ್ಯವಾದೀತು. ಸೋಪು ನೊರೆಯಾಗುವ ಮೊದಲು ಕ್ಯಾಲ್ಸಿಯಮ್ಮಿನ ಜೊತೆ ಸೇರಿ ಬೂದು ಜಿಡ್ಡಾಗುತ್ತದೆ. ಬಕೆಟಿನ ಅಂಚಿಗೆ, ಬಾತ್‌ರೂಮಿನ ಗೋಡೆಗೆ ಅಂಟುವುದು ಅದೇ. 500 ಗಡಸುತನದ 15 ಲೀಟರ್ ಬಕೆಟ್ ಪೂರ್ತಿ ನೊರೆ ಬರಬೇಕಾದರೆ ಮೊದಲ 45 ಗ್ರಾಂ ಸೋಪು ಹೀಗೆ ಜಿಡ್ಡಾಗಿ ಹೋಗಬೇಕು. ಬಟ್ಟೆಗೆ ಇದಕ್ಕಿಂತ ಅಗ್ಗದ ದಾರಿ ಒಗೆಯುವ ಸೋಡಾ. ಒಂದು ಬಕೆಟಿಗೆ ಒಂದೆರಡು ಚಮಚ ಕರಗಿಸಿ ಹತ್ತು ನಿಮಿಷ ಬಿಡಿ. ಕ್ಯಾಲ್ಸಿಯಂ ಬಿಳಿ ಪುಡಿಯಾಗಿ ಬೇರೆಯಾಗುತ್ತದೆ, ಆಮೇಲೆ ಪೌಡರ್ ಹಾಕಿದರೆ ಅರ್ಧಕ್ಕೇ ನೊರೆ ಬರುತ್ತದೆ. ರೇಷ್ಮೆ, ಉಣ್ಣೆಗೆ ಮಾತ್ರ ಸೋಡಾ ಮುಟ್ಟಿಸಬೇಡಿ. ರೇಷ್ಮೆ ಸೆರಗಿನ ಇಳಕಲ್ ಸೀರೆಗೂ ಬೇಡ.

ಮಗಳ ತುರಿಕೆಗೆ ಹೆಚ್ಚಿನ ಕಾರಣ ಇದೇ ಜಿಡ್ಡು ಇರಬಹುದು. ತೊಳೆದಷ್ಟೂ ಮೈ ಮೇಲೆ ತೆಳುವಾಗಿ ಉಳಿಯುತ್ತದೆ. ಸೋಪು ಕಡಿಮೆ ಹಚ್ಚಿ, ಗಡಸು ನೀರಿಗೂ ಜಿಡ್ಡಾಗದ ಸೌಮ್ಯ ಕ್ಲೆನ್ಸರ್ ಬಳಸಿ ನೋಡಿ, ಮೈ ಒರೆಸಿದ ಕೂಡಲೇ ಕೊಬ್ಬರಿ ಎಣ್ಣೆ ಹಚ್ಚಿ. ಚರ್ಮ ಕೆಂಪಾಗಿ ಬಿರಿಯುತ್ತಿದ್ದರೆ ಚರ್ಮದ ಡಾಕ್ಟರಿಗೆ ತೋರಿಸಿ, ಅದನ್ನು ನೀರಿನ ಮೇಲೆ ಹಾಕಿ ಕೂರಬೇಡಿ. ಕೂದಲಿನದೂ ಹಾಗೇ. ಗಡಸು ನೀರಿಗೆ ಕೂದಲು ಒರಟಾಗುತ್ತದೆ, ಸಿಕ್ಕಾಗಿ ನಡುವೆ ತುಂಡಾಗುತ್ತದೆ. ಬುಡದಿಂದ ಉದುರುತ್ತಿದ್ದರೆ ರಕ್ತಹೀನತೆ, ಥೈರಾಯ್ಡ್ ಪರೀಕ್ಷೆ ಮಾಡಿಸಿ.

ಕಿಡ್ನಿ ಕಲ್ಲಿನ ಭಯದ ಬಗ್ಗೆ ಅತ್ತೆಯವರಿಗೆ ಸಮಾಧಾನ ಹೇಳಿ. ನಳದ ಮೂತಿಗೆ ಕಟ್ಟುವ ಕಲ್ಲೇ ಹೊಟ್ಟೆಯಲ್ಲೂ ಕಟ್ಟುತ್ತದೆ ಅನ್ನುವುದು ಸಹಜವಾದ ಊಹೆ, ಆದರೆ ದೇಹ ಹಾಗೆ ಕೆಲಸ ಮಾಡಲ್ಲ. ಗಡಸುತನದಿಂದ ಆರೋಗ್ಯಕ್ಕೆ ಹಾನಿ ಅನ್ನುವುದಕ್ಕೆ ಒಪ್ಪುವಂಥ ಪುರಾವೆ ಇಲ್ಲ ಅಂತ ವಿಶ್ವ ಆರೋಗ್ಯ ಸಂಸ್ಥೆಯೂ ಹೇಳಿದೆ. ಊಟದ ಜೊತೆ ಹೋಗುವ ಕ್ಯಾಲ್ಸಿಯಂ, ಕಿಡ್ನಿ ಕಲ್ಲಿಗೆ ಕಾರಣವಾಗುವ ಆಕ್ಸಲೇಟ್ ಅನ್ನುವ ವಸ್ತುವನ್ನು ಕರುಳಿನಲ್ಲೇ ಹಿಡಿದು ಹೊರಗೆ ಹಾಕುತ್ತದೆ. ನಮ್ಮ ಕಡೆ ಕಲ್ಲಿನ ದೊಡ್ಡ ಕಾರಣ ಬಿಸಿಲು. 42 ಡಿಗ್ರಿಯಲ್ಲಿ ಬೆವರು ಸುರಿಸಿ, ನೀರಿನ ರುಚಿ ಸೇರದೆ ಕಡಿಮೆ ಕುಡಿದರೆ ಮೂತ್ರ ಗಟ್ಟಿಯಾಗಿ ಕಲ್ಲಾಗುತ್ತದೆ. ಈಗಾಗಲೇ ಕಲ್ಲು ಬಂದವರು ತಮ್ಮ ಡಾಕ್ಟರ್ ಹೇಳಿದಂತೆ ನಡೆಯಲಿ. ಉಳಿದವರು ಯಾವ ನೀರು ಅನ್ನುವುದಕ್ಕಿಂತ ಎಷ್ಟು ನೀರು ಅನ್ನುವುದನ್ನು ನೋಡಿಕೊಳ್ಳಲಿ.

ಗಡಸುತನಕ್ಕಿಂತ ನಾನು ಹೆದರುವುದು ಬೇರೆ ಎರಡಕ್ಕೆ: ಫ್ಲೋರೈಡ್ ಮತ್ತು ನೈಟ್ರೇಟ್. ಯಾದಗಿರಿ ಜಿಲ್ಲೆಯ ಹಲವು ಕಡೆ ಬೋರ್ ನೀರಿನಲ್ಲಿ ಫ್ಲೋರೈಡ್ ಜಾಸ್ತಿ. ನೈಟ್ರೇಟ್ ಶೌಚದ ಗುಂಡಿ ಹತ್ತಿರವಿರುವ ಯಾವ ಬೋರಿಗೂ ಬರಬಹುದು. ಎರಡಕ್ಕೂ ಬಣ್ಣ, ವಾಸನೆ, ಬಿಳಿ ಕಲೆ ಯಾವುದೂ ಇಲ್ಲ. ಫ್ಲೋರೈಡ್ 1.5 ಮಿಗ್ರಾಂ, ನೈಟ್ರೇಟ್ 45 ಮಿಗ್ರಾಂ ದಾಟಬಾರದು. ಬೋರ್ ನೀರು ಕುಡಿಯುತ್ತಿದ್ದರೆ ಗ್ರಾಮೀಣ ಕುಡಿಯುವ ನೀರು ಮತ್ತು ನೈರ್ಮಲ್ಯ ಇಲಾಖೆಯ ಜಿಲ್ಲಾ ಪ್ರಯೋಗಾಲಯದಲ್ಲೋ ಬೇರೆ ಮಾನ್ಯತೆ ಇರುವ ಲ್ಯಾಬಿನಲ್ಲೋ ಇವೆರಡನ್ನೂ ಕೀಟಾಣು ಪರೀಕ್ಷೆಯನ್ನೂ ಒಮ್ಮೆ ಮಾಡಿಸಿ. ಸಾಫ್ಟ್‌ನರ್ ಈ ಮೂರರಲ್ಲಿ ಒಂದನ್ನೂ ತೆಗೆಯಲ್ಲ.

ಆ ಸೇಲ್ಸ್‌ಮನ್ ತೋರಿಸಿದ್ದರ ಬಗ್ಗೆ ನೇರವಾಗಿ ಹೇಳುತ್ತೇನೆ, ಅದು ಮೋಸ. ಅವನ ಉಪಕರಣದ ಒಂದು ಕಡ್ಡಿ ಕಬ್ಬಿಣದ್ದು. ಲವಣ ಇರುವ ನೀರಿನಲ್ಲಿ ಕರೆಂಟ್ ಹರಿದಾಗ ಆ ಕಬ್ಬಿಣವೇ ಕರಗಿ ತುಕ್ಕಿನ ಕೆಸರಾಗುತ್ತದೆ. ನೀವು ನೋಡಿದ ಕಂದು ಬಣ್ಣ ಕಡ್ಡಿಯದ್ದು, ನಿಮ್ಮ ನೀರಿನದ್ದಲ್ಲ. ಆರ್‌ಓ ನೀರಿನಲ್ಲಿ ಲವಣ ಕಡಿಮೆ, ಕರೆಂಟ್ ಹರಿಯಲ್ಲ, ಅದಕ್ಕೇ ಅದು ತಿಳಿಯಾಗಿ ಉಳಿಯಿತು. ಮತ್ತೆ ಬಂದರೆ ಅವನ ಆರ್‌ಓ ಲೋಟಕ್ಕೇ ಚಿಟಿಕೆ ಉಪ್ಪು ಹಾಕಿ ಇನ್ನೊಮ್ಮೆ ಮಾಡಿ ತೋರಿಸು ಅನ್ನಿ. ಅದೂ ಕಂದಾಗುತ್ತದೆ.

ಇಡೀ ಮನೆಗೆ ಆರ್‌ಓ ಹಾಕಿಸುವುದನ್ನು ನಾನು ಒಪ್ಪಲ್ಲ. ಮನೆಯ ಆರ್‌ಓ ಒಂದು ಲೀಟರ್ ಕೊಡುವುದಕ್ಕೆ ಸಾಮಾನ್ಯವಾಗಿ ಮೂರು ಲೀಟರ್ ಹೊರಗೆ ಚೆಲ್ಲುತ್ತದೆ. ಬೇಸಿಗೆಯಲ್ಲಿ ಟ್ಯಾಂಕರ್ ಕಾಯುವ ಊರಿನಲ್ಲಿ ಸ್ನಾನಕ್ಕೆ, ಬಟ್ಟೆಗೆ ಇದು ಸಲ್ಲದ ಖರ್ಚು. ಕುಡಿಯುವ ನೀರಿಗೂ, ಟಿಡಿಎಸ್ 500ಕ್ಕಿಂತ ಕಡಿಮೆ ಇದ್ದರೆ ಆರ್‌ಓ ಬೇಕಿಲ್ಲ. ಅಂಥ ಕಡೆ ಆರ್‌ಓ ನಿಷೇಧಿಸಿ ಅಂತ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2019ರಲ್ಲೇ ಹೇಳಿದೆ. ಪಾಲಿಕೆ ನೀರಿಗೆ ಯುವಿ ಫಿಲ್ಟರ್ ಅಥವಾ ಕುದಿಸಿ ಆರಿಸುವುದು ಸಾಕಾಗಬಹುದು. ಬೋರನ್ನೇ ಕುಡಿಯಬೇಕಾದರೆ, ಟಿಡಿಎಸ್ಸೋ ಫ್ಲೋರೈಡೋ ಮಿತಿ ಮೀರಿದ್ದರೆ, ಅಡುಗೆಮನೆಯಲ್ಲಿ ಒಂದು ಚಿಕ್ಕ ಆರ್‌ಓ ಇರಲಿ. ಅದು ಚೆಲ್ಲುವ ನೀರನ್ನು ಕಮೋಡಿಗೆ, ನೆಲಕ್ಕೆ ಬಳಸಿ.

ಪೈಪಿಗೆ ಕಟ್ಟುವ ಮ್ಯಾಗ್ನೆಟ್ ನೀರಿನಿಂದ ಒಂದು ಮಿಲಿಗ್ರಾಂ ಕ್ಯಾಲ್ಸಿಯಮ್ಮನ್ನೂ ತೆಗೆಯಲ್ಲ. ಕಲ್ಲು ಕಟ್ಟುವುದು ಕಡಿಮೆಯಾಗುತ್ತದೆಯೇ ಅನ್ನುವ ಪರೀಕ್ಷೆಗಳಲ್ಲಿ ಒಮ್ಮೆ ಹೌದು, ಒಮ್ಮೆ ಇಲ್ಲ ಅಂತ ಬಂದಿದೆ. ನಾನಂತೂ ಅದಕ್ಕೆ ದುಡ್ಡು ಹಾಕಲ್ಲ. ನಳಕ್ಕೆ ತಿರುಗಿಸುವ ಪುಟ್ಟ ‘ಸಾಫ್ಟ್‌ನರ್ ಫಿಲ್ಟರ್’ಗಳದೂ ಹೀಗೇ. ಅವುಗಳೊಳಗೆ ಕ್ಯಾಲ್ಸಿಯಂ ಹಿಡಿಯುವ ರೆಸಿನ್ ಅನ್ನುವ ಮಣಿಗಳಿರುತ್ತವೆ. ಒಂದು ಲೀಟರ್ ರೆಸಿನ್ ಸುಮಾರು 50 ಗ್ರಾಂ ಗಡಸುತನ ಹಿಡಿಯುತ್ತದೆ. ಫಿಲ್ಟರಿನೊಳಗೆ 200 ಮಿಲಿ ರೆಸಿನ್ ಇದ್ದರೆ 10 ಗ್ರಾಂ. 500ರ ನೀರಿನಲ್ಲಿ 20 ಲೀಟರಿಗೆ, ಅಂದರೆ ಒಂದು ಬಕೆಟಿಗೆ ಮುಗಿಯಿತು. ವಾಷಿಂಗ್ ಮಷೀನಿಗೆ ಹಾಕುವ ಪಾಲಿಫಾಸ್ಫೇಟ್ ಹರಳಿನ ಫಿಲ್ಟರ್ ಬೇರೆ ಜಾತಿಯದು. ಅದು ಕ್ಯಾಲ್ಸಿಯಂ ತೆಗೆಯಲ್ಲ, ಕಲ್ಲಾಗದಂತೆ ಹಿಡಿದಿಡುತ್ತದೆ. ಮಷೀನಿಗೆ ಅದು ಉಪಯೋಗ, ಕುಡಿಯುವ ಲೈನಿಗೆ ಬೇಡ.

ಉಳಿದದ್ದು ನಿಜವಾದ ಸಾಫ್ಟ್‌ನರ್. ನೀರು ಬೇರೆ ಮಾಡಿದ ಮೇಲೂ ಸ್ನಾನ, ಬಟ್ಟೆಗೆ ಬೋರೇ ಗತಿಯಾದರೆ ಆಗ ಇದನ್ನು ಯೋಚಿಸಿ. ಅದರೊಳಗಿನ ರೆಸಿನ್ ಮಣಿಗಳು ಕ್ಯಾಲ್ಸಿಯಂ ಹಿಡಿದುಕೊಂಡು ಸೋಡಿಯಂ ಬಿಡುತ್ತವೆ. ಮಣಿಗಳು ತುಂಬಿದ ಮೇಲೆ ಉಪ್ಪುನೀರು ಹಾಯಿಸಿ ತೊಳೆದರೆ ಮತ್ತೆ ತಯಾರು. ಸ್ನಾನ ಮತ್ತು ಬಟ್ಟೆಗೆ ನಿಮಗೆ ದಿನಕ್ಕೆ 300 ಲೀಟರ್. 500ರ ನೀರಾದರೆ ದಿನಕ್ಕೆ 150 ಗ್ರಾಂ ಗಡಸುತನ. 25 ಲೀಟರ್ ರೆಸಿನ್ 1250 ಗ್ರಾಂ ಹಿಡಿಯುತ್ತದೆ, ಎಂಟು ದಿನಕ್ಕೊಮ್ಮೆ ಉಪ್ಪು ಹಾಯಿಸಿದರೆ ಸಾಕು. ಇಡೀ ಮನೆಗೆ ಹಾಕಿದರೆ ಅದೇ ಮಷೀನಿಗೆ ನಾಲ್ಕೈದು ದಿನಕ್ಕೊಮ್ಮೆ ಉಪ್ಪು ಬೇಕು. ಒಂದು ಸಲಕ್ಕೆ ಮೂರು ಕಿಲೋದಷ್ಟು ಉಪ್ಪು ಹಿಡಿಯುತ್ತದೆ. ಮಾರುವವರನ್ನು ಕೇಳಬೇಕಾದ ಮೊದಲ ಪ್ರಶ್ನೆ ಇದು: ಒಳಗೆ ಎಷ್ಟು ಲೀಟರ್ ರೆಸಿನ್ ಇದೆ? ಸಿಲಿಂಡರಿನ ಎತ್ತರ ತೋರಿಸಿ ಮಾತು ಮರೆಸಿದರೆ ಅಲ್ಲಿಗೆ ಬಿಡಿ.

ಸಾಫ್ಟ್‌ನರ್ ಹಾಕಿದ ಮೇಲೆ ಟಿಡಿಎಸ್ ಇಳಿಯಲ್ಲ. ಮಷೀನು ಕೆಟ್ಟಿದೆ ಅಂತ ಅಂದುಕೊಳ್ಳಬೇಡಿ, ಹನಿ ಕಿಟ್ಟಿನಲ್ಲಿ ನೋಡಿ. ಅತ್ತೆಯವರಿಗಾಗಿ ಒಂದು ಮಾತು. 100 ಗಡಸುತನ ತೆಗೆದರೆ ಲೀಟರಿಗೆ 46 ಮಿಗ್ರಾಂ ಸೋಡಿಯಂ ಸೇರುತ್ತದೆ. 500 ತೆಗೆದರೆ 230. ಮೂರು ಲೀಟರ್ ಕುಡಿದರೆ ಸುಮಾರು 700 ಮಿಗ್ರಾಂ. ದಿನಕ್ಕೆ 2000 ಮಿಗ್ರಾಂ ಸೋಡಿಯಂ ಮೀರಬಾರದು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಅದರ ಮೂರನೇ ಒಂದು ಪಾಲು ಬರೀ ನೀರಿನಲ್ಲೇ ಹೋದರೆ ಬಿಪಿ ಇರುವವರಿಗೆ ಒಳ್ಳೆಯದಲ್ಲ. ಆದ್ದರಿಂದ ಅಡುಗೆಮನೆಯ ಲೈನ್ ಸಾಫ್ಟ್‌ನರಿನಿಂದ ಹೊರಗಿರಲಿ. ತೊಳೆದ ಉಪ್ಪುನೀರನ್ನು ಗಿಡಕ್ಕೆ, ಹಿತ್ತಲಿಗೆ ಬಿಡಬೇಡಿ. ನಮ್ಮ ಎರೆ ಮಣ್ಣಿಗೆ ಸೋಡಿಯಂ ಸೇರಿದರೆ ಅದು ಸವಳಾಗಿ ಗಟ್ಟಿಯಾಗುತ್ತದೆ, ನೀರು ಇಂಗಲ್ಲ.

ಬಾತ್‌ರೂಮಿನ ಕಲೆ ತೆಗೆಯಲು ಆಸಿಡ್ ತರಿಸುವ ಮೊದಲು ನೆಲ ಯಾವುದು ನೋಡಿ. ನಮ್ಮ ಹಳೆ ಮನೆಗಳಲ್ಲಿ ಶಹಾಬಾದ್ ಫರ್ಸಿ ಇರುತ್ತದೆ. ಅದು ಸ್ವತಃ ಸುಣ್ಣಕಲ್ಲು. ಕಲೆ ತಿನ್ನುವ ಆಸಿಡ್ ಫರ್ಸಿಯನ್ನೂ ತಿನ್ನುತ್ತದೆ, ಹೊಳಪು ಹೋಗಿ ತೂತುತೂತಾಗುತ್ತದೆ, ಆ ತೂತಿನಲ್ಲಿ ಇನ್ನಷ್ಟು ಕೊಳೆ ಕೂರುತ್ತದೆ. ನಳ ಮತ್ತು ಶವರಿಗೆ ಕಿರಾಣಿ ಅಂಗಡಿಯ ನಿಂಬೆ ಉಪ್ಪು ಸಾಕು. ಒಂದು ಲೀಟರ್ ಬೆಚ್ಚಗಿನ ನೀರಿಗೆ ಎರಡು ದೊಡ್ಡ ಚಮಚ. ಬಟ್ಟೆ ಅದ್ದಿ ನಳದ ಮೂತಿಗೆ ಅರ್ಧ ಗಂಟೆ ಸುತ್ತಿಡಿ, ಹಳೆ ಬ್ರಶ್‌ನಿಂದ ಉಜ್ಜಿ, ತೊಳೆಯಿರಿ. ಹನಿ ಫರ್ಸಿ ಮೇಲೆ ಬೀಳದಂತೆ ಕೆಳಗೆ ಬಕೆಟ್ ಇಡಿ. ಆಸಿಡ್ಡನ್ನು ಬ್ಲೀಚಿಂಗ್ ಪೌಡರ್ ಜೊತೆ ಯಾವತ್ತೂ ಬೆರೆಸಬೇಡಿ. ಮುಚ್ಚಿದ ಬಾತ್‌ರೂಮಿನಲ್ಲಿ ಏಳುವ ಕ್ಲೋರಿನ್ ಅನಿಲ ಉಸಿರು ಕಟ್ಟಿಸುತ್ತದೆ.

ಕೊನೆಯದಾಗಿ, ನಿಮಗೆ ಸಿಗುವ ಅತಿ ಮೃದು ನೀರು ಮಾಳಿಗೆ ಮೇಲೆ ಸುಮ್ನೆ ಬಿದ್ದು ಹೋಗುತ್ತಿದೆ. ನಮ್ಮಲ್ಲಿ ವರ್ಷಕ್ಕೆ ಸುಮಾರು 750 ಮಿಮೀ ಮಳೆ. 1000 ಚದರ ಅಡಿ ಮಾಳಿಗೆಯಿಂದ, ಸೋರಿ ಆರಿ ಹೋದದ್ದು ಕಳೆದರೂ, 55 ಸಾವಿರ ಲೀಟರ್ ಹಿಡಿಯಬಹುದು. ಅಷ್ಟನ್ನೂ ಇಡುವ ಜಾಗ ಯಾರಿಗೂ ಇರಲ್ಲ. ಆದರೆ ಜೂನ್‌ನಿಂದ ಅಕ್ಟೋಬರ್‌ವರೆಗೆ ಮೊದಲ ಕೆಲವು ನಿಮಿಷದ ಕೊಳೆ ನೀರು ಹೊರಗೆ ಬಿಟ್ಟು, ಉಳಿದದ್ದನ್ನು ಜಾಲರಿ ಹಾಕಿ ಪಾಲಿಕೆ ನೀರಿನ ಟ್ಯಾಂಕಿಗೇ ತುಂಬಿಸಿ ಬಟ್ಟೆಗೆ, ಗೀಸರಿಗೆ ಬಳಸಬಹುದು. ಕುಡಿಯಲು, ಅಡುಗೆಗೆ ಆದರೆ ಕುದಿಸಿ. ಹೆಚ್ಚಾದದ್ದನ್ನು ಜಲ್ಲಿ, ಮರಳು ತುಂಬಿದ ಗುಂಡಿಯ ಮೂಲಕ ಬೋರ್ ಪಕ್ಕ ಇಂಗಿಸಿ.

ನಾಲ್ಕು ಅಂಕಿ ಸಿಕ್ಕ ಮೇಲೆ ನನಗೆ ಬರೆಯಿರಿ: ಪಾಲಿಕೆಯದು, ಬೋರಿನದು, ಅಡುಗೆಮನೆಯದು, ಕುದಿಸಿ ಆರಿಸಿದ್ದು. ಜೊತೆಗೆ ಪಾಲಿಕೆ ನೀರು ಎಷ್ಟು ದಿನಕ್ಕೊಮ್ಮೆ, ಎಷ್ಟು ಹೊತ್ತು ಬರುತ್ತದೆ ಅಂತಲೂ ತಿಳಿಸಿ. ಟ್ಯಾಂಕು ಎಷ್ಟು ದೊಡ್ಡದಿರಬೇಕು, ಸಾಫ್ಟ್‌ನರ್ ಬೇಕೇ, ಬೇಕಾದರೆ ಎಷ್ಟು ಲೀಟರ್ ರೆಸಿನ್ನಿನದು ಅಂತ ಲೆಕ್ಕ ಹಾಕಿ ಹೇಳುತ್ತೇನೆ.